ಗಂಜಿಯಾರಿತಕ್ಕ

"ನಿಮ್ಮ ಅಕ್ಕ ಎಷ್ಟು ಬೆಳ್ಳಗಿದ್ದಾರಲ್ಲ" ಎಂದು ಮೈಸೂರಿನ ಮೇಷ್ಟ್ರು ಚಪ್ಪಲಿ ಬಿಡುತ್ತ ಮೆಲ್ಲಗೆ ಹೇಳಿದಾಗ ಲಿಂಗಸಾಮಿ ಒಂದು ಗಳಿಗೆಯೂ ತಡೆಯದೆ, "ನಮ್ಮ ತಂದೆಯವರ ಕಡೆ ಎಲ್ಲರೂ ಹಾಗೇ ಸಾರ್" ಎಂದುಬಿಟ್ಟ. ಅಂದ ಮೇಲೆ ತನ್ನ ಬಾಯಿಯ ಚುರುಕಿಗೆ ತನಗೇ ಹೇಸಿಗೆಯಾಯಿತು. ಅಪ್ಪ ಎಣ್ಣೆ ಕುಡಿದ ಬಾಣಲೆಯ ಬಣ್ಣದವನು. ಮಡತ್ತುಕುಳದ ಈ ನೇಕಾರರ ಬೀದಿಯಲ್ಲಿ ಅವನನ್ನು ಕಂಡವರು ಇನ್ನೂ ಬೇಕಾದಷ್ಟು ಜನ ಬದುಕಿದ್ದಾರೆ. ಯಾರೂ ಕೇಳದ ಪ್ರಶ್ನೆಗೆ ಸುಳ್ಳು ಉತ್ತರ ಕೊಡುವ ದರ್ದೇನಿತ್ತು? ಬಾಗಿಲಲ್ಲಿ ನಿಂತಿದ್ದ ಅಕ್ಕ ನಾಚಿಯಮ್ಮ ಕೇಳಿಸಿಕೊಂಡಳೋ ಇಲ್ಲವೋ, ಸೆರಗನ್ನು ಮೊಣಕೈ ಮುಚ್ಚುವಂತೆ ಎಳೆದುಕೊಂಡು "ವಾಂಗ, ವಾಂಗ ಸಾಮಿ" ಎಂದು ತಮಿಳಿನಲ್ಲಿ ಕರೆದು, ಆಮೇಲೆ ನೆನಪಾಗಿ "ಬನ್ನಿ" ಎಂದಳು. ಅವಳ ತೊನ್ನು ಮದುವೆಯ ವಯಸ್ಸಿನಲ್ಲಿ ತುಟಿಯ ಅಂಚಿಗೆ, ಬೆರಳ ತುದಿಗಳಿಗೆ ಅಕ್ಕಿಕಾಳಿನಷ್ಟಾಗಿ ಬಂದದ್ದು ವರ್ಷ ವರ್ಷವೂ ಹಬ್ಬುತ್ತ ಹೋಗಿ, ಈಗ ಐವತ್ತು ದಾಟಿದ ಮೇಲೆ ಮೈಯೆಲ್ಲ ಒಂದೇ ಬಿಳುಪಾಗಿ ಮುಗಿದಿತ್ತು. ಹೊಸಬರಿಗೆ ಅವಳು ಬೆಳ್ಳಗಿನ ಹೆಂಗಸು. ಮಚ್ಚೆ ಎನ್ನುವುದಾದರೆ ಈಗ ಕಿವಿಯ ಹಿಂದೆ ಉಳಿದುಕೊಂಡ ಒಂದಿಷ್ಟು ಕಪ್ಪನ್ನೇ ಅನ್ನಬೇಕು.

ಇಲ್ಲಿಗೆ ಮೇಷ್ಟ್ರನ್ನು ಕರೆತಂದದ್ದು ಲಿಂಗಸಾಮಿಯ ಹೆಮ್ಮೆಯೇ ಹೊರತು ಬೇರೇನಲ್ಲ. ಪೆರಿಯನಾಯಕನಪಾಳ್ಯದ ಮಿಲ್ಲಿನ ಆಫೀಸಿನಲ್ಲಿ ಅವನು ಇಷ್ಟು ವರ್ಷ ತಮಿಳಿನಲ್ಲೇ ನಕ್ಕು, ತಮಿಳಿನಲ್ಲೇ ಬೈಸಿಕೊಂಡು, ಸಂಜೆ ಮನೆಗೆ ಬಂದು ಅಂಗಿ ಕಳಚಿದ ಮೇಲೆ ಮಾತ್ರ ಕನ್ನಡಕ್ಕೆ ಇಳಿಯುತ್ತಿದ್ದ. ಕನ್ನಡವೆಂದರೆ ಮನೆಯೊಳಗಿನ ಹಳೇ ಲುಂಗಿಯ ಹಾಗೆ. ಅದನ್ನುಟ್ಟುಕೊಂಡು ಬೀದಿಗೆ ಯಾರು ಹೋಗುತ್ತಾರೆ? ಅಂಥದರಲ್ಲಿ ಮೈಸೂರಿನಿಂದ ಒಬ್ಬರು ಟೇಪ್ ರೆಕಾರ್ಡರ್ ಹೊತ್ತುಕೊಂಡು ಬಂದು, ಈ ಸೀಮೆಯ ಕನ್ನಡದವರ ಮನೆಮಾತನ್ನು ಹಿಡಿದುಕೊಂಡು ಹೋಗುತ್ತೇನೆ, ಇವು ಪುಸ್ತಕದಲ್ಲಿ ಸಿಗದ ಮಾತುಗಳು ಎಂದು ಮ್ಯಾನೇಜರರ ಎದುರೇ ಹೇಳಿದ್ದರು. ಮ್ಯಾನೇಜರರು ಅವತ್ತು ಲಿಂಗಸಾಮಿಯನ್ನು ಕೂರಿಸಿ ಕಾಫಿ ಕೊಡಿಸಿದರು. ಕನ್ನಡದ ಒಂದಕ್ಷರ ಓದಲು ಬಾರದ ಲಿಂಗಸಾಮಿ ಬೆಂಗಳೂರು ರೇಡಿಯೋ ಕೇಳಿ ಕಲಿತ ನಯವಾದ ಕನ್ನಡವನ್ನು ಹೊರಗೆ ತೆಗೆದು, "ತಾವು ನಮ್ಮ ಊರಿಗೇ ಬರಬೇಕು, ನಮ್ಮ ಅಕ್ಕನವರ ಮಾತು ತಾವು ಕೇಳಬೇಕು" ಎಂದ. ಅಕ್ಕನವರು! ಅಕ್ಕನನ್ನು ಹಾಗೆ ಬಹುವಚನದಲ್ಲಿ ಅಂದದ್ದು ಅವನ ಜನ್ಮದಲ್ಲಿ ಅದೇ ಮೊದಲು. ಮೇಷ್ಟ್ರಿಗೆ ತಮಿಳು ಸುತರಾಂ ಬಾರದು. ಬಸ್ಸಿನಲ್ಲಿ ಪೊಳ್ಳಾಚಿಯವರೆಗೂ ಅಲ್ಲಿಂದ ಮುಂದೂ ಕಂಡಕ್ಟರಿನಿಂದ ಎಳನೀರಿನವನವರೆಗೆ ಎಲ್ಲರ ಮಾತನ್ನೂ ಲಿಂಗಸಾಮಿಯೇ ಕನ್ನಡಕ್ಕೆ ತಿರುಗಿಸಿ ಹೇಳುತ್ತ ಬಂದಿದ್ದ. ಹಿಂದಿನ ಸೀಟಿನಲ್ಲಿದ್ದ ಮಗಳು ವಿಜಯಕುಮಾರಿ, ಕೊಯಮತ್ತೂರಿನಲ್ಲಿ ಕಾಲೇಜು ಓದುವವಳು, ಅಪ್ಪನ ಈ ಹೊಸ ಕನ್ನಡ ಕೇಳಿ ಬಾಯಿಗೆ ದಾವಣಿ ಹಿಡಿದು ನಗುತ್ತಿದ್ದಳು. ಅತ್ತೆಯೆಂದರೆ ಅವಳಿಗೆ ಪ್ರಾಣ. ಅದಕ್ಕೇ ಜೊತೆಗೆ ಹೊರಟವಳು.

ಒಳಗೆ ಮಗ್ಗದ ಮನೆಯಲ್ಲಿ ಚಾಪೆ ಹಾಸಿತ್ತು. ಮೇಷ್ಟ್ರು ಯಂತ್ರವನ್ನು ನೆಲದ ಮೇಲಿಟ್ಟು, ಮೈಕನ್ನು ಅಕ್ಕನ ಕಡೆಗೆ ತಿರುಗಿಸಿದರು. ಅಕ್ಕ ರಾಟೆಯ ಮುಂದೆ ಕೂತು ಲಾಳಿಯೊಳಗಿಡುವ ಕಂಡಿಕೆಯ ಕಡ್ಡಿಗೆ ನೂಲು ಸುತ್ತುತ್ತಲೇ ಉತ್ತರ ಹೇಳತೊಡಗಿದಳು; ಬರಿಗೈಯಲ್ಲಿ ಕೂತು ಮಾತಾಡಿದರೆ ಅವಳಿಗೆ ಮಾತೇ ಹೊರಡದು. ಮೇಷ್ಟ್ರು ಒಂದೊಂದಕ್ಕೂ ಮನೆಮಾತು ಕೇಳುತ್ತ ಹೋದರು: ಒಲೆ, ಹೊಸಿಲು, ಮೊರ, ನೆಗಡಿ, ಸೋದರಮಾವ, ಮೈನೆರೆದ ಹುಡುಗಿಯನ್ನು ಕೂರಿಸುವ ಗುಡಿಸಲು. ಅವಳು "ಅಪ್ರಂ" ಅಂದಾಗಲೆಲ್ಲ ಲಿಂಗಸಾಮಿ ಮೈಕಿನ ಹತ್ತಿರ ಬಗ್ಗಿ "ಅಂದರೆ, ಆಮೇಲೆ" ಎಂದು ತಿದ್ದುತ್ತಿದ್ದ. ಮೂರನೆಯ ಸಲವೋ ನಾಲ್ಕನೆಯ ಸಲವೋ ಮೇಷ್ಟ್ರು ನಗುತ್ತಲೇ, "ಅವರೇ ಹೇಳಲಿ ಬಿಡಿ ಲಿಂಗಸಾಮಿಯವರೇ, ನಮಗೆ ಬೇಕಾದ್ದು ಅದೇ" ಅಂದರು. ಅವನು ಇಂಗು ತಿಂದ ಮಂಗನಂತೆ ಹಿಂದೆ ಸರಿದು ಗೋಡೆಗೆ ಒರಗಿದ. ಒರಗಿದ ಕಡೆಯಿಂದ ಮಗ್ಗದ ಗುಂಡಿ ನೇರ ಕಣ್ಣಿಗೆ ಬೀಳುತ್ತಿತ್ತು. ನೇಯುವವನು ಅಂಚಿನಲ್ಲಿ ಕೂತು ಕಾಲು ಇಳಿಬಿಡುವ, ಒಳಗೆ ತುಳಿಯುವ ಎರಡು ಹಲಗೆಗಳಿರುವ, ಸೊಂಟದಾಳದ ಗುಂಡಿ. ಈ ಮನೆಗೆ ಬಂದಾಗೆಲ್ಲ ಅವನು ಅದಕ್ಕೆ ಬೆನ್ನು ಹಾಕಿ ಕೂರುತ್ತಿದ್ದ. ಇವತ್ತು ಮೇಷ್ಟ್ರ ಮುಂದೆ ಓಡಾಡುವ ಸಂಭ್ರಮದಲ್ಲಿ ಅದನ್ನು ಮರೆತಿದ್ದ.

"ಈಗ ಅಮ್ಮ, ಯಾರಿಗೂ ಹೇಳಬಾರದ ಮಾತು ಇರುತ್ತಲ್ಲ, ಅದಕ್ಕೆ ಏನಂತೀರಿ?" ಮೇಷ್ಟ್ರು ಕೇಳಿದರು. "ನಾವು ಗುಟ್ಟು ಅಂತೀವಿ. ರಹಸ್ಯ ಅಂತಲೂ ಅಂತೀವಿ, ಅದು ಸಂಸ್ಕೃತದ್ದು. ರಹಸ್ ಅಂದರೆ ಯಾರೂ ಇಲ್ಲದ ಜಾಗ, ಏಕಾಂತ. ಯಾರೂ ಇಲ್ಲದ ಕಡೆ ಆಡೋ ಮಾತು ರಹಸ್ಯ. ನಿಮ್ಮಲ್ಲಿ?"

"ರಗಸಿಯಂ ಅಂತೀವಿ ಸಾಮಿ" ಎಂದಳು ನಾಚಿಯಮ್ಮ.

ಅದು ಈ ಬೀದಿಯ ತಮಿಳರೆಲ್ಲ ಆಡುವ ಮಾತು. ಮೇಷ್ಟ್ರ ಮುಖ ಸ್ವಲ್ಪ ಇಳಿಯಿತು. ಲಿಂಗಸಾಮಿಗೆ ಮಾತ್ರ, ಇನ್ನೇನು ಬೀಳಲಿದ್ದ ಕೊಡ ಸೊಂಟದಲ್ಲೇ ನಿಂತಂತೆ ಉಸಿರು ಬಂತು. ಬೇಗ ಮುಂದಿನ ಮಾತಿಗೆ ಹೋಗಲಿ, ಹಸುವಿನ ರೋಗಗಳ ಹೆಸರು ಕೇಳಲಿ, ಏನಾದರೂ ಕೇಳಲಿ. ಅಷ್ಟರಲ್ಲಿ ಬಾಗಿಲಿಗೆ ಒರಗಿ ನಿಂತಿದ್ದ ವಿಜಯಕುಮಾರಿ, "ಅಯ್ಯೋ ಅತ್ತೇ, ಅದು ತಮಿಳೋರ್ದು! ನಮ್ಮನೆ ಮಾತು ಹೇಳಿ. ಗಂಜಿಯಾರಿತಕ್ಕ!" ಎಂದು ಕೈ ತಟ್ಟಿ ನಕ್ಕಳು.

ಅಕ್ಕನ ರಾಟೆ ನಿಂತಿತು. ಮೇಷ್ಟ್ರು ಮೈಕನ್ನು ಹುಡುಗಿಯ ಕಡೆಗೆ ತಿರುಗಿಸಿ, "ಇನ್ನೊಂದು ಸಲ ಹೇಳಮ್ಮ" ಎಂದರು.

"ಗಂಜಿಯಾರಿತಕ್ಕ. ಯಾರ್ಗೂ ಹೇಳ್ಬಾರ್ದು ಅಂದ್ರೆ ನಮ್ಮನೇಲಿ ಹಂಗನ್ನೋದು ಸಾರ್. ಅಮ್ಮಂಗೆ ತಿಳೀದಂಗೆ ಸಿನಿಮಾಕ್ಕೆ ಹೋದ್ರೆ, ಅದು ಗಂಜಿಯಾರಿತಕ್ಕ. ತಮ್ಮ ಪರೀಕ್ಷೇಲಿ ಫೇಲಾದ್ರೆ, ಅಪ್ಪಂಗೆ ಗಂಜಿಯಾರಿತಕ್ಕ. ಅತ್ತೆ ನಮ್ಗೆ ಬೆಲ್ಲ ಕೊಡ್ವಾಗ್ಲೂ ಹಂಗೇ ಅಂತಾರೆ, ಯಾರ್ಗೂ ಹೇಳ್ಬೇಡ, ಗಂಜಿಯಾರಿತಕ್ಕ ಅಂತ."

"ಬೀದಿಯಲ್ಲಿ ಎಲ್ಲರೂ ಅಂತಾರೋ, ನಿಮ್ಮ ಮನೆಯಲ್ಲಿ ಮಾತ್ರವೋ?"

"ನಮ್ಮನೇಲಿ ಮಾತ್ರ ಸಾರ್."

"ಎಲ್ಲಿಂದ ಬಂತು ಇದು?"

ವಿಜಯಕುಮಾರಿಗೆ ಗೊತ್ತಿರಲಿಲ್ಲ, ಹುಟ್ಟಿದಾಗಿನಿಂದ ಕೇಳಿದ ಮಾತು ಎಲ್ಲಿಂದ ಬಂತೆಂದು ಯಾರು ಕೇಳುತ್ತಾರೆ? ಅವಳು ಅಪ್ಪನ ಮುಖ ನೋಡಿದಳು. ಮೇಷ್ಟ್ರೂ ನೋಡಿದರು. ಅಕ್ಕ ಮಾತ್ರ ನೋಡಲಿಲ್ಲ. ಲಿಂಗಸಾಮಿಗೆ ಆ ಮಾತು ಹುಟ್ಟಿದ ಗಳಿಗೆ ಕಣ್ಣಿಗೆ ಕಟ್ಟಿದಂತಿದೆ. ಇದೇ ಹೊಸಿಲು, ಇದೇ ಬೀದಿ, ಮಧ್ಯಾಹ್ನದ ಬಿಸಿಲು, ಬೀದಿಯ ತುದಿಯಲ್ಲಿ ತಿರುಗುತ್ತಿರುವ ಗಾಡಿ. ಅವನಿಗೆ ನೋಡಿದ್ದ ಹೆಣ್ಣಿನ ಕಡೆಯವರು ಹೇಳಿದ್ದಕ್ಕಿಂತ ಮೊದಲೇ ಬಂದುಬಿಟ್ಟಿದ್ದರು. ಅಕ್ಕ ಜಗಲಿಯ ಮೇಲೆ ಕೂತು ನೂಲು ಬಿಡಿಸುತ್ತಿದ್ದಳು, ಬೆರಳುಗಳೆಲ್ಲ ಬಿಳಿ, ತುಟಿ ಬಿಳಿ, ಮಿಕ್ಕ ಮುಖ ಅಪ್ಪನಂತೆ ಕಪ್ಪು. ಮುಂದೆ ಮದುವೆ ಆಗದವಳು ಎಂದು ಅಷ್ಟರಲ್ಲೇ ತೀರ್ಮಾನವಾಗಿದ್ದವಳು. ಬೆಳಿಗ್ಗೆ ಅಮ್ಮ ಹೇಳಿದ್ದಳು, "ನಾಚೀನ ಮರೆಸ್ಬ್ಯಾಡ ಲಿಂಗಾ. ಸಮ್ಮಂದ ಮಾಡೋರ್ಗೆ ಮರೆಸಿ ಏನ್ ಆಗ್ಬೇಕು? ನೋಡ್ಲಿ, ಬೇಕಾದ್ರೆ ಕೊಡ್ಲಿ." ಅವನು ತಲೆಯಾಡಿಸಿದ್ದ. ಆದರೆ ಹುಡುಗಿಯ ಸೋದರಮಾವ ಚೆನ್ನಿಯಪ್ಪನ್ ಮಿಲ್ಲಿನಲ್ಲಿ ಮೇಸ್ತ್ರಿ, ಕೆಲಸ ಕೊಡಿಸುತ್ತೇನೆ ಎಂದವನು. ಈ ಗುಂಡಿಯಿಂದ ಕಾಲು ತೆಗೆದು ಮಿಲ್ಲಿನ ಗೇಟಿನೊಳಗೆ ಇಡಬೇಕೆಂದು ಲಿಂಗಸಾಮಿ ಹಗಲೂ ರಾತ್ರಿ ಹಂಬಲಿಸುತ್ತಿದ್ದ ಕಾಲ. ಗಾಡಿ ಹತ್ತಿರ ಬಂತು. ಅಕ್ಕಾ, ನೀನು ಬಚ್ಚಿಟ್ಟುಕೋ ಎನ್ನಲು ಯಾವ ಬಾಯಿ ಇದೆ? ಹಾಗೆ ಅಂದಿದ್ದರೆ ಎಷ್ಟೋ ಮೇಲಾಗಿತ್ತು. ಅವನ ಬಾಯಿಂದ ಬಂದದ್ದು, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ, ಸಹಜವಾಗಿ, ಮನೆಗೆಲಸದ ಮಾತಿನಂತೆ: "ಗಂಜಿ ಆರಿತಕ್ಕಾ!"

ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಹಾಸು ನೂಲಿಗೆ ಗಂಜಿಯನ್ನು ಬಿಸಿಯಿರುವಾಗಲೇ ಹಿಡಿಸಬೇಕು, ಆರಿದರೆ ನೂಲಿಗೆ ಗಂಟು ಗಂಟಾಗಿ ಅಂಟುತ್ತದೆ. ನೇಕಾರರ ಬೀದಿಯಲ್ಲಿ ಬೆಳಗಾದರೆ ಒಬ್ಬರಲ್ಲ ಒಬ್ಬರು ಕೂಗುವ ಮಾತು ಅದು, ಕೇಳಿದವರು ಕೈಯಲ್ಲಿದ್ದದ್ದು ಬಿಟ್ಟು ಒಳಗೆ ಓಡಬೇಕು. ಅವತ್ತು ಒಲೆಯ ಮೇಲೆ ಗಂಜಿ ಇರಲಿಲ್ಲ. ಒಲೆಯೇ ಉರಿದಿರಲಿಲ್ಲ. ಅಕ್ಕ ತಲೆಯೆತ್ತಿ ಅವನನ್ನು ನೋಡಿದಳು. ಅರ್ಥವಾಗಲು ಅವಳಿಗೆ ಎಷ್ಟು ಹೊತ್ತು ಹಿಡಿಯಿತು? ನೂಲನ್ನು ಮಡಿಲಿಗೆ ಹಾಕಿಕೊಂಡು ಎದ್ದು ಒಳಗೆ ಹೋದಳು. ಹಿತ್ತಲಿಗೆ ಹೋಗಿರುತ್ತಾಳೆ ಎಂದುಕೊಂಡ. ಬಂದವರು ಕಾಲು ತೊಳೆಯಲು ಹಿತ್ತಲಿಗೇ ಹೋದರು, ಅಲ್ಲಿ ಯಾರೂ ಇರಲಿಲ್ಲ. ಬಾಳೆಲೆ, ಹಲಸಿನ ಹಣ್ಣು, ಕಾಫಿ, ಮಾತು. ಚೆನ್ನಿಯಪ್ಪನ್ ಹಳೆಯ ಕಾಲದವನು, ಅವನೂ ಕುಲದಲ್ಲಿ ನೇಕಾರ. ತಮ್ಮ ಜನದ ಹಳೆಯ ಪದ್ಧತಿಯಂತೆ, "ಎಲ್ಲಿ ಮಾಪಿಳ್ಳೆ, ಒಂದ್ ಗೇಣು ನೇಯ್ದು ತೋರ್ಸು, ಕೈ ನೋಡಾನ" ಎಂದು ಅಳಿಯನಾಗಲಿದ್ದವನಿಗೆ ಹೇಳಿದ. ಹೆಣ್ಣು ಕೊಡುವವರು ಗಂಡಿನ ಜಾತಕಕ್ಕಿಂತ ಮೊದಲು ಗಂಡಿನ ಬಟ್ಟೆ ನೋಡುತ್ತಿದ್ದ ಕಾಲ ಅದು. ಲಿಂಗಸಾಮಿ ನಗುತ್ತಲೇ ಗುಂಡಿಯ ಮೇಲಿನ ಚಾಪೆ ಸರಿಸಿ, ಹಾಸಿನ ಕೆಳಗಿನ ಕತ್ತಲೆಗೆ ಕಾಲು ಇಳಿಬಿಟ್ಟ. ಬಲಗಾಲು ಹಲಗೆಗೆ ಸಿಗುವ ಮೊದಲು ಎಣ್ಣೆ ಹಚ್ಚಿದ, ಬಿಸಿಯಾದ ತಲೆಗೂದಲಿಗೆ ತಾಗಿತು.

ಅಮ್ಮಾ ಎಂದು ಚೀರದೆ ಇದ್ದದ್ದು ಹೇಗೋ. ಸುತ್ತ ನಿಂತವರೆಲ್ಲ ಅವನ ಕೈಯನ್ನೇ ನೋಡುತ್ತಿದ್ದರು. ಅವನು ಪಾದವನ್ನು ಹಲಗೆಯ ಮೇಲಿಟ್ಟನೇ ಹೊರತು ತುಳಿಯಲಾರದೆ ಹೋದ. ತುಳಿದರೆ ಹಲಗೆ ಅವಳ ಭುಜಕ್ಕೋ ಬೆನ್ನಿಗೋ ಇಳಿಯುತ್ತದೆ, ತುಳಿಯದಿದ್ದರೆ ಹಾಸು ಬಾಯಿ ಬಿಡುವುದಿಲ್ಲ, ಲಾಳಿ ಎಳೆಗಳಿಗೆ ಸಿಕ್ಕಿಕೊಳ್ಳುತ್ತದೆ, ಮಾನ ಹೋಗುತ್ತದೆ. "ಏನ್ ಮಾಪಿಳ್ಳೆ, ಕಾಲ್ ನಡುಗ್ತಾ ಇದೆ?" ಎಂದು ಚೆನ್ನಿಯಪ್ಪನ್ ತಮಾಷೆ ಮಾಡಿದ. ಆಗ ಬಲಗಡೆಯ ಹಲಗೆ ತಾನಾಗಿಯೇ ಕೆಳಗಿಳಿಯಿತು. ಹಾಸು ಬಾಯಿ ಬಿಟ್ಟಿತು. ಅವನು ಹಗ್ಗ ಎಳೆದ, ಲಾಳಿ ಓಡಿತು. ಬಲಗಡೆಯದು ಮೇಲೆದ್ದು ಎಡಗಡೆಯದು ಇಳಿಯಿತು. ಮತ್ತೆ ಲಾಳಿ. ಕೆಳಗೆ ಕೂತು ಅಕ್ಕ ಎರಡೂ ಹಲಗೆಗಳನ್ನು ಕೈಯಿಂದ ಎಳೆಯುತ್ತಿದ್ದಳು, ಅವನ ಕೈಯ ಲಯಕ್ಕೆ ಸರಿಯಾಗಿ, ಚಿಕ್ಕಂದಿನಲ್ಲಿ ಅವನಿಗೆ ಮಗ್ಗ ಕಲಿಸಿದವಳೇ ಅವಳಾದ್ದರಿಂದ ಒಂದು ಎಳೆಯೂ ತಪ್ಪದಂತೆ. ಅವನ ಪಾದಗಳು ಸುಮ್ಮನೆ ಹಲಗೆಯ ಜೊತೆ ಏರಿ ಇಳಿದವು. ಒಂದು ಗೇಣು ಬಟ್ಟೆಯಾಯಿತು. ಚೆನ್ನಿಯಪ್ಪನ್ ಅದನ್ನು ಬೆಳಕಿಗೆ ಹಿಡಿದು ನೋಡಿ, ಸವರಿ, "ನಲ್ಲ ಕೈ, ಒಳ್ಳೇ ಕೈ" ಅಂದ. ಸಂಬಂಧ ಕುದುರಿತು.

ಬಂದವರು ಹೋದ ಮೇಲೆ ಅಕ್ಕ ಗುಂಡಿಯಿಂದ ಎದ್ದು ಬಂದು ಮಂಡಿ ಉಜ್ಜಿಕೊಂಡು ಅಡುಗೆಮನೆಗೆ ಹೋದಳು. ಅವನ ಊಟಕ್ಕೆ ಅವಳೇ ಬಡಿಸಿದಳು. ಅಳಬಹುದು, ಬೈಯಬಹುದು, ಅನ್ನದ ತಟ್ಟೆ ಎತ್ತಿ ಎಸೆಯಬಹುದು ಎಂದು ಕಾದವನಿಗೆ ಅವಳು ಇನ್ನೊಂದು ಸೌಟು ಸಾರು ಹಾಕಿದಳು. ಆ ಮಾತನ್ನು ನಗೆಚಾಟಿಕೆಯಾಗಿ ಶುರು ಮಾಡಿದವಳು ಅಮ್ಮ. ಮದುವೆಯಾಗಿ ಸೊಸೆ ಬಂದ ಮೇಲೆ ಅವಳೆದುರು ಆಡಬಾರದ ಮಾತೇನಾದರೂ ಇದ್ದರೆ ಅಮ್ಮ ಕಣ್ಣು ಮಿಟುಕಿಸಿ "ಗಂಜಿಯಾರಿತಕ್ಕ" ಅನ್ನುತ್ತಿದ್ದಳು. ಅಮ್ಮನಿಗೆ ಅದೊಂದು ನೋವಿನ ಮೇಲಿನ ಮುಲಾಮು ಇದ್ದಿರಬೇಕು. ಹೆಂಡತಿ ಕಾಮಾಕ್ಷಿ ಅದನ್ನು ಅಮ್ಮನಿಂದ ಕಲಿತಳು, ಮಕ್ಕಳು ಕಾಮಾಕ್ಷಿಯಿಂದ. ಆ ಕಾಮಾಕ್ಷಿಯೋ, ಬಂದ ಮೊದಲ ದಿನವೇ ಅತ್ತಿಗೆಯ ಬಿಳಿ ಬೆರಳುಗಳನ್ನು ಹಿಡಿದುಕೊಂಡು, "ನಮ್ ಚಿತ್ತಿಗೂ ಹಿಂಗೇ ಇತ್ತು, ಪಾವಂ" ಎಂದು ತನ್ನ ಚಿಕ್ಕಮ್ಮನಿಗಾಗಿ ಮರುಗಿ ಅಷ್ಟಕ್ಕೇ ಬಿಟ್ಟಿದ್ದಳು. ಅಂದರೆ ಮರೆಸುವ ಅಗತ್ಯವೇ ಇರಲಿಲ್ಲ. ಇದು ತಿಳಿದ ದಿನದಿಂದ ಲಿಂಗಸಾಮಿಗೆ ತನ್ನ ತಪ್ಪಿಗೆ ಒಂದು ನೆಪವೂ ಉಳಿಯದೆ ಹೋಯಿತು. ಮನೆಯವರೆಲ್ಲ ಆ ಮಾತನ್ನು ನಗುನಗುತ್ತ ಆಡುವಾಗ ಅವನೊಬ್ಬನ ಪಾದಗಳು ತಣ್ಣಗಾಗುತ್ತಿದ್ದವು. ಒಂದು ಸಲ ಪುಟ್ಟ ವಿಜಯಕುಮಾರಿ ಒಡೆದ ಲೋಟವನ್ನು ಬೆನ್ನ ಹಿಂದೆ ಹಿಡಿದು "ಗಂಜಿಯಾರಿತಕ್ಕ ಅಪ್ಪಾ" ಅಂದದ್ದಕ್ಕೆ ಕೆನ್ನೆಗೆ ಹೊಡೆದುಬಿಟ್ಟಿದ್ದ. ಲೋಟಕ್ಕಾಗಿ ಹೊಡೆದನೆಂದು ಮಗು ತಿಳಿಯಿತು. ಅಕ್ಕ ತಿಳಿದದ್ದೇ ಬೇರೆ. ಮಗುವನ್ನು ಎತ್ತಿಕೊಂಡು, ಅವನ ಕಡೆ ನೋಡದೆ ಹಿತ್ತಲಿಗೆ ಹೋಗಿದ್ದಳು.

"ಲಿಂಗಸಾಮಿಯವರೇ, ನೆನಪಾಗುತ್ತಾ?" ಮೇಷ್ಟ್ರು ಕೇಳುತ್ತಿದ್ದರು. ಯಂತ್ರದಲ್ಲಿ ಎರಡು ಚಕ್ರಗಳು ಸುತ್ತುತ್ತಲೇ ಇದ್ದವು.

"ಅದೇ ಸಾರ್," ಎಂದು ಅವನ ನಾಲಗೆ ತಾನಾಗಿಯೇ ಹೊರಟಿತು, "ಗಂಜಿ ಆರಿದರೆ ಮೇಲೆ ಒಂದು ಕೆನೆ ಕಟ್ಟುತ್ತದಲ್ಲ. ಕೆಳಗೆ ಏನಿದೆ ಎಂದು ಕಾಣುವುದಿಲ್ಲ. ಹಾಗೆ, ಮೇಲೆ ಮುಚ್ಚಿಕೊಂಡ ಮಾತಿಗೆ ನಮ್ಮ ಹಿರಿಯರು ಗಂಜಿಯಾರಿತು ಎಂದರು."

"ಆಹಾ!" ಮೇಷ್ಟ್ರು ತೊಡೆ ತಟ್ಟಿಕೊಂಡರು. "ಕಸುಬಿನಿಂದಲೇ ಬಂದ ಮಾತು. ಎಂಥ ಕಲ್ಪನೆ! ಮತ್ತೆ ಆ ಅಕ್ಕ ಯಾಕೆ ಕೊನೆಗೆ?"

"ಸುಮ್ಮನೆ ಸೇರಿಸುವುದು ಸಾರ್. ಹಾಡುಗಳಲ್ಲಿ ತಂಗೀ, ತಾಯೀ ಎಂದು ಸೇರಿಸುವುದಿಲ್ಲವೇ, ಹಾಗೆ."

ಮೇಷ್ಟ್ರು ಅದನ್ನು ತಮ್ಮ ಮಾತಿನಲ್ಲಿ ಇನ್ನೊಂದು ಸಲ ಮೈಕಿಗೆ ಹೇಳಿದರು, ನೇಕಾರ ಕುಟುಂಬ, ಗಂಜಿಯ ಕೆನೆ, ಮುಚ್ಚಿದ ಅರ್ಥ. ವಿಜಯಕುಮಾರಿ ಅಪ್ಪನನ್ನು ಬಲು ಮೆಚ್ಚುಗೆಯಿಂದ ನೋಡಿದಳು. ಇಷ್ಟೆಲ್ಲ ತಿಳಿದವನು ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುವಂತೆ. ನಾಚಿಕೆಗೆಟ್ಟ ವಿಷಯವೆಂದರೆ, ಆ ಒಂದು ಗಳಿಗೆ ಲಿಂಗಸಾಮಿಗೆ ಹಿತವೇ ಆಯಿತು. ಸುಳ್ಳು ಅಷ್ಟು ಚೆನ್ನಾಗಿ ಕೂತಿತ್ತು. ಇನ್ನು ಮೇಲೆ ಇದೇ ನಿಜವಾಗಿಬಿಡಲಿ, ಮೈಸೂರಿನಲ್ಲಿ ಅಚ್ಚಾಗಲಿ, ಯಾರಾದರೂ ಕೇಳಿದರೆ ಪುಸ್ತಕದಲ್ಲೇ ಇದೆ ಎನ್ನಬಹುದು ಎಂದು ಮನಸ್ಸು ಆಗಲೇ ಲೆಕ್ಕ ಹಾಕುತ್ತಿತ್ತು. ಆಗ ಮೇಷ್ಟ್ರು ಬರೀ ಮರ್ಯಾದೆಗೆಂದು ಅಕ್ಕನ ಕಡೆ ತಿರುಗಿ, "ನೀವೇನಂತೀರಿ ಅಮ್ಮ, ಸರಿ ತಾನೇ?" ಎಂದರು.

ನಾಚಿಯಮ್ಮ ಕೈಯಲ್ಲಿದ್ದ ಕಂಡಿಕೆಯನ್ನು ಬುಟ್ಟಿಗೆ ಹಾಕಿದಳು.

"ಅಂಗಲ್ಲ ಸಾಮಿ" ಎಂದಳು. ಕೋಪವಿರಲಿಲ್ಲ. ಒಲೆ ಎಲ್ಲಿದೆ ಎಂದರೆ ತೋರಿಸುವಂತೆ ಗುಂಡಿಯ ಕಡೆ ಕೈ ಮಾಡಿದಳು. "ಅದು ನನ್ನಿಂದ ಬಂದ ಮಾತು. ನಮ್ಮಪ್ಪನ ಕಡೆ ಯಾರೂ ಬಿಳುಪಿಲ್ಲ. ನನ್ಗೆ ಆವಾಗ ಬೆರಳಿಗೆ, ತುಟಿಗೆ ತೊನ್ನು, ಅಲ್ಲಲ್ಲಿ ತೇಪೆ ಹಾಕ್ದಂಗೆ. ಇವ್ನ್ ಮದ್ವೆಗೆ ಹೆಣ್ಣಿನೋರು ಬಂದ್ರು. ನನ್ನ ಕಂಡ್ರೆ ಎದ್ದೋಗ್ತಾರೆ ಅಂತ ಭಯ. ಬೀದೀಲಿ ಎಲ್ರಿಗೂ ಕೇಳೋವಂಗೆ ಬಚ್ಚಿಟ್ಕೋ ಅನ್ನಕ್ಕಾತದಾ? ಅದಕ್ಕೇ ಗಂಜಿ ಆರಿತಕ್ಕಾ ಅಂತ ಕೂಗಿದ್ದು. ನನ್ಗೆ ತಿಳೀತು. ಹೋಗಿ ಆ ಗುಂಡೀಲಿ ಕೂತ್ಕೊಂಡೆ. ಅಷ್ಟೇ ಸಾಮಿ."

ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸುತ್ತ ಹೋದರು. ವಿಜಯಕುಮಾರಿ ಬಾಗಿಲು ಬಿಟ್ಟು ಬಂದು ಗುಂಡಿಯ ಅಂಚಿನಲ್ಲಿ ನಿಂತು ಒಳಗೆ ನೋಡಿದಳು. ಅವಳ ಮುಖದಲ್ಲಿ ಇಷ್ಟು ವರ್ಷ ನಗುತ್ತ ಆಡಿದ ಮಾತೆಲ್ಲ ಒಟ್ಟಿಗೆ ನೆನಪಾಗುತ್ತಿದ್ದದ್ದು ಕಾಣುತ್ತಿತ್ತು. ಬೆಲ್ಲ, ಸಿನಿಮಾ, ಒಡೆದ ಲೋಟ. "ಯಾರತ್ತೆ ಕೂಗಿದ್ದು?" ಎಂದಳು.

ಲಿಂಗಸಾಮಿ ಕಣ್ಣು ಮುಚ್ಚಿಕೊಂಡ. ಹೇಳಲಿ. ಹೇಳಿಬಿಡಲಿ. ಇಷ್ಟು ವರ್ಷ ಕಾದ ಪೆಟ್ಟು ಬಿದ್ದುಹೋಗಲಿ ಎಂದು ಅವನ ಒಂದು ಮನಸ್ಸು ಬೇಡಿಕೊಂಡಿತು. ಇನ್ನೊಂದು ಮನಸ್ಸು ಮಗಳ ಮುಂದೆ ಬೇಡ, ಬೇರೆ ಯಾರ ಮುಂದೆಯಾದರೂ ಸರಿ, ಇವಳ ಮುಂದೆ ಬೇಡ ಎಂದು ಅಕ್ಕನ ಕಾಲು ಹಿಡಿಯಿತು.

"ಯಾರು ಕೂಗ್ತಾರೆ, ನಮ್ಮಮ್ಮ. ನಿಮ್ಮಜ್ಜಿ" ಎಂದಳು ನಾಚಿಯಮ್ಮ.

ಕೇಳಿದೊಡನೆ ಅವನ ಎದೆ ಹಗುರಾಯಿತು. ಹಗುರಾದದ್ದು ತಿಳಿದು ಮೈ ಉರಿಯಿತು. ಮರೆಸಬೇಡ ಎಂದಿದ್ದವಳು ಅಮ್ಮ. ಸತ್ತು ಸುಡುಗಾಡು ಸೇರಿದ ಮೇಲೆ ಮಗನ ಮಾತನ್ನು ಅವಳ ಬಾಯಿಗೆ ತುರುಕಿದ್ದಾಯಿತು. ಕೆಳಗೆ ಕೂತು ಮತ್ತೊಮ್ಮೆ ಅಕ್ಕನೇ ಹಲಗೆ ಎಳೆದಿದ್ದಳು, ಅವನು ಸುಮ್ಮನೆ ಕಾಲು ಇಟ್ಟುಕೊಂಡಿದ್ದ.

ಮೇಷ್ಟ್ರು ಒಳ್ಳೆಯ ಮನುಷ್ಯರು. ಕೇಳಬಾರದ್ದನ್ನು ಕೇಳಿಸಿಕೊಂಡೆನಲ್ಲ ಎಂಬ ಸಂಕಟದಲ್ಲಿ ಕನ್ನಡಕ ತೆಗೆದು ಒರೆಸಿದರು, ಯಂತ್ರ ನಿಲ್ಲಿಸಲೇ ಎಂದು ಅಕ್ಕನನ್ನು ಕೇಳಿದರು. ಅವಳು ಬೇಡವೆಂದು ತಲೆಯಾಡಿಸಿದಳು. ಆಗ ಅವರಿಗೆ ಮತ್ತೆ ತಮ್ಮ ಕೆಲಸ ನೆನಪಾಯಿತು. "ಒಂದು ಸಂದೇಹ ಅಮ್ಮ, ತಪ್ಪು ತಿಳೀಬೇಡಿ. ತಾಯಿ ಮಗ‌ಳನ್ನ ಅಕ್ಕ ಅಂತ ಕೂಗಿದರೇ?"

ನಾಚಿಯಮ್ಮ ಉತ್ತರಕ್ಕೆ ತಡವರಿಸಿದಳು. ಜೀವಮಾನದಲ್ಲಿ ಸುಳ್ಳಿನ ಅಭ್ಯಾಸವಿಲ್ಲದವಳು. "ಕೂಗ್ತಿದ್ಳು... ದೊಡ್ಡ ಮಗಳಲ್ವಾ" ಎಂದು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಅಜ್ಜಿ ನಿಮ್ಮನ್ನ ನಾಚೀ ಅಂತಲ್ವಾ ಅತ್ತೆ ಕೂಗ್ತಿದ್ದದ್ದು?" ವಿಜಯಕುಮಾರಿಯ ದನಿ ಬಹಳ ಸಣ್ಣಗಿತ್ತು. "ಸಾಯೋ ತನಕ ನಾಚೀ ಅಂತ್ಲೇ ಕೂಗ್ತಿದ್ರು. ಅಕ್ಕ ಅನ್ನೋರು ಈ ಮನೇಲಿ..."

ಅವಳು ಮುಗಿಸಲಿಲ್ಲ. ಮುಗಿಸುವ ಅಗತ್ಯವಿರಲಿಲ್ಲ. ನಾಚಿಯಮ್ಮನಿಗೆ ಇದ್ದ ಒಡಹುಟ್ಟು ಒಂದೇ.

ಮೇಷ್ಟ್ರಿಗೆ ಹುಡುಗಿಯ ಮಾತಿನ ಕೊನೆ ಕೇಳಿಸಲಿಲ್ಲವೇನೋ, ಕೇಳಿಸಿದರೂ ಅರ್ಥವಾಗಲಿಲ್ಲವೇನೋ. ಅವರು ಮೈಕನ್ನು ಲಿಂಗಸಾಮಿಯ ಮುಂದೆ ಹಿಡಿದರು. "ಇದು ಮುಖ್ಯವಾದ ವಿಷಯ, ಅದಕ್ಕೇ ಕೇಳ್ತೀನಿ. ನಿಮ್ಮ ಜನದಲ್ಲಿ ತಾಯಂದಿರು ಹಿರೀ ಮಗಳನ್ನ ಅಕ್ಕ ಅಂತ ಕರೆಯೋದುಂಟಾ? ನಾನು ಇದುವರೆಗೆ ಎಲ್ಲೂ ಕೇಳಿಲ್ಲ."

ಮೈಕಿನ ಮೂತಿ ಅವನ ಗಲ್ಲಕ್ಕೆ ಹತ್ತಿರವಿತ್ತು. ಇಲ್ಲ ಸಾರ್, ಕೂಗಿದ್ದು ನಾನು. ನಾಲ್ಕೇ ಮಾತು. ಮಗಳು ಗುಂಡಿಯಾಚೆ ನಿಂತು ಅವನನ್ನೇ ನೋಡುತ್ತಿದ್ದಳು. ಅಪ್ಪಾ, ಹೇಳಿಬಿಡಿ ಎನ್ನುವ ಹಾಗಿತ್ತು ಆ ನೋಟ, ಹೇಳಿದರೆ ಕ್ಷಮಿಸಿಯೂಬಿಡುತ್ತಿದ್ದಳೋ ಏನೋ. ಅಕ್ಕ ಮಾತ್ರ ನೆಲ ನೋಡುತ್ತ, ಕಂಡೂ ಕಾಣದಂತೆ, ಬೇಡ ಎಂದು ತಲೆಯನ್ನು ಒಂದಿಷ್ಟೇ ಅಲ್ಲಾಡಿಸಿದಳು. ಆ ಅಲ್ಲಾಟವನ್ನು ಅವನು ಹಗ್ಗದಂತೆ ಹಿಡಿದುಕೊಂಡ.

"ಉಂಟು ಸಾರ್," ಎಂದ. ದನಿ ತೆರೆದುಕೊಂಡಿತು, ರೇಡಿಯೋದವರ ದನಿಯಂತೆ ಸ್ಪಷ್ಟವಾಗಿ. "ನಮ್ಮ ಜನದಲ್ಲಿ ಎಲ್ಲ ತಾಯಂದಿರೂ ಹಿರಿಯ ಮಗಳನ್ನು ಅಕ್ಕ ಎಂದೇ ಕರೆಯುವುದು. ತಲೆತಲಾಂತರದಿಂದ ಬಂದದ್ದು."

"ಅದ್ಭುತ" ಎಂದರು ಮೇಷ್ಟ್ರು, ಸಣ್ಣ ದನಿಯಲ್ಲಿ. ಯಂತ್ರ ಸುತ್ತಿತು. ಈ ಸೀಮೆಯಲ್ಲಿ ಅವನ ಜನ ಎಷ್ಟು ಊರುಗಳಲ್ಲಿದ್ದಾರೆ, ಎಷ್ಟು ಅಡುಗೆಮನೆಗಳಲ್ಲಿ ಎಷ್ಟು ತಾಯಂದಿರು ಈ ಹೊತ್ತಿನಲ್ಲಿ ಹೆಣ್ಣುಮಕ್ಕಳನ್ನು ಹೆಸರು ಹಿಡಿದು ಕೂಗುತ್ತಿದ್ದಾರೆ. ಅವರೆಲ್ಲರ ಬಾಯಿಗೂ ಅವನೊಬ್ಬ ತನ್ನ ಮಾತನ್ನು ಹಂಚಿಬಿಟ್ಟಿದ್ದ. ಇನ್ನು ಮುಂದೆ ಮೈಸೂರಿನಲ್ಲಿ ಯಾರೋ ಓದುತ್ತಾರೆ, ಹೌದೇನೋ ಎಂದು ನಂಬುತ್ತಾರೆ. ಅವನು ಗುಂಡಿಯಾಚೆಗೆ ನೋಡಲಾರದೆ ತನ್ನ ಪಾದಗಳನ್ನೇ ನೋಡಿಕೊಂಡ. ಮಿಲ್ಲಿನ ನೌಕರಿಯಲ್ಲಿ ಬೂಟು ಹಾಕಿ ಹಾಕಿ ಮೆತ್ತಗಾದ ಪಾದಗಳು, ನೇಕಾರನ ಗುರುತೇ ಇಲ್ಲ.

ಮೇಷ್ಟ್ರು ಮನೆಯ ಗಾಳಿ ಕೆಟ್ಟದ್ದನ್ನು ಗಮನಿಸಿ, ಅದನ್ನು ತಿಳಿಯಾಗಿಸಲೆಂದೇ ಇರಬೇಕು, ನಗುತ್ತ ವಿಜಯಕುಮಾರಿಯ ಕಡೆ ತಿರುಗಿದರು. "ಕೊನೇದಾಗಿ ನೀನೊಂದೆರಡು ಮಾತಾಡಮ್ಮ. ಹಿರಿಯರದು ಸಿಕ್ಕಿತು, ನಿಮ್ಮ ತಲೆಮಾರಿನವರ ಕನ್ನಡ ಹೇಗಿದೆ ಅಂತ ಬೇಕು. ಏನಾದರೂ ಸರಿ, ಕಾಲೇಜಿನ ವಿಷಯ, ನಿಮ್ಮ ಅಪ್ಪನ ವಿಷಯ."

ಅವಳು ಬಂದು ಮೈಕಿನ ಮುಂದೆ ಮಂಡಿಯೂರಿ ಕೂತಳು. ಮುಖ ಮೇಷ್ಟ್ರ ಕಡೆಗಿತ್ತು, ಕಣ್ಣು ಅಪ್ಪನ ಮೇಲಿತ್ತು.

"ಎನಕ್ಕು ಕನ್ನಡಂ ತೆರಿಯಾದು ಸಾರ್" ಎಂದಳು.

ಮೇಷ್ಟ್ರು ಪೆಚ್ಚಾಗಿ ನಕ್ಕರು. ಬೆಳಗಿನಿಂದ ತಮ್ಮೊಡನೆ ಹರಟಿದ ಹುಡುಗಿ ಯಾಕೆ ತಮಿಳಿಗೆ ಹೊರಳಿದಳೆಂದು ಅವರಿಗೆ ತಿಳಿಯಲಿಲ್ಲ. "ಏನಂದಳು?" ಎಂದು, ಬಸ್ಸಿನಲ್ಲಿ ಪ್ರತಿಯೊಂದಕ್ಕೂ ಕೇಳಿದಂತೆಯೇ ಲಿಂಗಸಾಮಿಯನ್ನು ಕೇಳಿ, ಮೈಕನ್ನು ಅವನ ಕಡೆ ಹಿಡಿದರು.

ಅಕ್ಕ ರಾಟೆಯ ಮೇಲೆ ಕೈಯಿಟ್ಟು ಹಾಗೆಯೇ ಕೂತಿದ್ದಳು. ಮಗಳು ಕಾಯುತ್ತಿದ್ದಳು.

"ಅವಳಿಗೆ ಕನ್ನಡ ಬರುವುದಿಲ್ಲವಂತೆ ಸಾರ್" ಎಂದ ಲಿಂಗಸಾಮಿ.